ಹತ್ತು ರೆಸಿಸ್ಟರ್‌ಗಳ ಸಾಲು

ಲಿಫ್ಟ್ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಕಿಡಿಯಪ್ಪ ಎನ್ನುತ್ತಿದ್ದರು. ರಜೆ ಬಂತೆಂದರೆ ಹಿಂದಿನ ಕೋಣೆಯಲ್ಲಿ ಸಾವಿರಾರು ವೋಲ್ಟಿನ ಕಿಡಿ ಹಾರಿಸುವುದೇ ಅವನ ಹುಚ್ಚು. ಸ್ವಿಚ್ ಆರಿಸಿದ ಮೇಲೂ ಆ ಯಂತ್ರದ ವಿದ್ಯುತ್ ಕೂಡಿಡುವ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ. ಅದನ್ನು ಇಳಿಸಲು ರೆಸಿಸ್ಟರ್ ಬೇಕು. ಹೆಬ್ಬೆರಳು ಗಾತ್ರದ್ದೊಂದನ್ನು ತಂದ. ಎಷ್ಟು ಬಿಸಿ ತಾಳುತ್ತದೆಂದು ನೋಡಿದ. ಎಷ್ಟು ವೋಲ್ಟ್ ತಾಳುತ್ತದೆಂದು ನೋಡಲೇ ಇಲ್ಲ, ಬುದ್ಧಿವಂತ! ಅದು ಒಳಗೊಳಗೇ ಸುಟ್ಟುಹೋದದ್ದು, ವಿದ್ಯುತ್ ಇಳಿಯದೆ ಹಾಗೇ ಉಳಿದದ್ದು ಯಾರಿಗೂ ಕಾಣಲಿಲ್ಲ. ಧೂಳು ಒರೆಸಲು ಹೋದ ಅಕ್ಕ ಶಾಕ್ ಹೊಡೆದು ಗೋಡೆಗೆ ಅಪ್ಪಳಿಸಿ ಬಿದ್ದಳು.

"ನಂದೇ ತಪ್ಪು ಕಣೋ, ನಿನ್ನ ಸಾಮಾನು ಕೇಳ್ದೆ ಮುಟ್ಟಿದ್ದು," ಎಂದಳು, ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು. ಅವಳು ಬಾಯಿಗೆ ಬಂದಂತೆ ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

ಈಗ ಹತ್ತು ರೆಸಿಸ್ಟರ್‌ಗಳು ಸಾಲಾಗಿ ನಿಂತು ಆ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. ಆದರೂ ತನ್ನದೇ ಅಡುಗೆಮನೆಯಲ್ಲಿ, ಫ್ರಿಜ್ಜಿನ ಮುಂದೆ ನಿಂತು ಅಕ್ಕ ಕೂಗಿ ಕೇಳುತ್ತಾಳೆ: "ಮುಟ್ಲೇನೋ?"