ಹುಲಿಕೆರೆ ಸುರಂಗದಲ್ಲಿ ಕೇಳಿದ ಕೂಗು

ದೆವ್ವ, ಪೀಡೆ, ಗಾಳಿ ಎಂದು ಯಾರಾದರೂ ಬಾಯಿ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ನನ್ನನ್ನು ಪುಕ್ಕಲ ಎಂದುಕೊಳ್ಳುತ್ತೀರಿ. ಆಗ ನಾನು ಮಂಡ್ಯದ ಒಂದು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಪ್ರಪಂಚದ ಅದ್ಭುತಗಳ ಪಾಠ ಬಂತೆಂದರೆ ನನಗೆ ಹಬ್ಬದೂಟ. ಈಜಿಪ್ಟಿನ ಪಿರಮಿಡ್ಡು, ಚೀನಾದ ಗೋಡೆ, ಬ್ಯಾಬಿಲೋನಿನ ತೂಗುತೋಟ, ಆಗ್ರಾದ ತಾಜಮಹಲು; ಆಮೇಲೆ ಹಿಮಾಲಯ, ನಯಾಗರ, ನಮ್ಮ ಮಳವಳ್ಳಿ ಸೀಮೆಯ ಗಗನಚುಕ್ಕಿ. ಪಾಠದ ಕೊನೆಗೆ ಮೇಜು ಕುಟ್ಟಿ ಹೇಳುತ್ತಿದ್ದೆ: ಅದ್ಭುತಗಳು ಎರಡೇ ಬಗೆ, ಮನುಷ್ಯ ಮಾಡಿದ್ದು ಮತ್ತು ಪ್ರಕೃತಿ ಮಾಡಿದ್ದು. ಮೂರನೆಯ ಬಗೆ ಇದೆ ಎನ್ನುವವನು ಸುಳ್ಳುಗಾರ.

ಪಟ್ಟಿಗೆ ನಾನೇ ಸೇರಿಸಿಕೊಂಡ ಹೆಸರೊಂದಿತ್ತು, ಹುಲಿಕೆರೆಯ ಸುರಂಗ. ಕನ್ನಂಬಾಡಿ ಕಟ್ಟೆಯ ನೀರು ನಮ್ಮ ಗದ್ದೆಗಳಿಗೆ ಬರುವ ದಾರಿಯಲ್ಲಿ ಗುಡ್ಡ ಅಡ್ಡ ಬಂತು. ಗುಡ್ಡದ ಹೊಟ್ಟೆಯನ್ನೇ ಕೊರೆದು ಕಾಲುವೆ ಹಾಯಿಸಿದರು. ಎರಡು ಕಡೆಯಿಂದಲೂ ಅಗೆಯುತ್ತ ಬಂದು ಕತ್ತಲಲ್ಲಿ ನಡುವೆ ಸಂಧಿಸಿದರಂತೆ. ಒಂದು ಭಾನುವಾರ ಊಟಕ್ಕೆ ಕೂತಾಗ ಇದನ್ನೇ ಬಣ್ಣಿಸುತ್ತಿದ್ದೆ. ಬೆಸಗರಹಳ್ಳಿಯಿಂದ ಬಂದಿದ್ದ ನಮ್ಮ ಭಾವ ಜವರಪ್ಪ, ಅಂದರೆ ನನ್ನ ಅಕ್ಕನ ಗಂಡ, ಮುದ್ದೆ ನುಂಗುತ್ತ ನಕ್ಕರು. ಬಯಲಲ್ಲಿ ಎರಡು ಕಡೆಯಿಂದ ಕಾಲುವೆ ತೋಡುವವರೇ ನೆಟ್ಟಗೆ ಸಂಧಿಸುವುದಿಲ್ಲ, ಗುಡ್ಡ ತೋಡಿದವರು ಸಂಧಿಸಿದರೇ ಎಂದು ಅವರ ವಾದ. ಭಾವ ನನ್ನನ್ನು ಹೆಸರು ಹಿಡಿದು ಕರೆದವರಲ್ಲ, 'ಮೇಷ್ಟ್ರೇ' ಎಂದು ರಾಗ ಎಳೆದು ಛೇಡಿಸುತ್ತಿದ್ದರು. ನಾನಂತೂ ಅವರ ಹೆಸರನ್ನು ಬಾಯಲ್ಲಿ ತಂದವನೇ ಅಲ್ಲ. ಅಕ್ಕನ ಗಂಡನನ್ನು ಹೆಸರಿಟ್ಟು ಕರೆದರೆ ನಮ್ಮ ಕಡೆ ಹಲ್ಲು ಉದುರಿಸುತ್ತಾರೆ.

ಬೇಸಿಗೆ. ಹೂಳು ತೆಗೆಸಲು ಕಾಲುವೆ ನಿಲ್ಲಿಸಿದ್ದರು. ಕೆಲಸ ಮುಗಿದಿದೆ, ನಾಳೆ ನೀರು ಬಿಡುತ್ತಾರೆ ಎಂದು ಕೇಳಿ ಅಂದೇ ಭಾವನನ್ನು ಕರೆದುಕೊಂಡು ಹೊರಟೆ. ಸುರಂಗದ ಮಂಡ್ಯ ಕಡೆಯ ಬಾಯಲ್ಲಿ ಬುಡನ್ ಸಾಬರು ದೀಪಗಳನ್ನು ಗೋಣಿಗೆ ತುಂಬಿಸುತ್ತಿದ್ದರು. ಮದುವೆಗಳಿಗೆ ಪೆಟ್ರೋಮ್ಯಾಕ್ಸ್ ಬಾಡಿಗೆಗೆ ಕೊಡುವ ಮೆಕಾನಿಕ್ ಅವರು, ನನಗೆ ಹಳೆಯ ಪರಿಚಯ. ಹೂಳು ತೆಗೆಯುವವರಿಗೂ ಅವರದೇ ದೀಪ. ಯುದ್ಧದ ಕಾಲ, ಸೀಮೆಎಣ್ಣೆಗೆ ಪರದಾಟ. ಗೊಣಗುತ್ತಲೇ ಒಂದು ಪೆಟ್ರೋಮ್ಯಾಕ್ಸ್ ಹೊತ್ತಿಸಿ ಕೊಟ್ಟರು. ಭಾವ ಅದನ್ನು ಹಿಡಿದು, ಸಂಧಿಸಿದ ಜಾಗ ಮುಟ್ಟಿಯೇ ಬರುತ್ತೇನೆಂದು ಒಳಗೆ ಹೋದರು. ಕೆಸರಿನಲ್ಲಿ ಜಾರಿ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತಿತ್ತು. ನಾನು ಹೊರಗೇ ಕುಳಿತೆ.

ಬಿಸಿಲು ಇಳಿಯುತ್ತಿದ್ದಾಗ ಏರಿಯ ಮೇಲೆ ತಮಟೆ ಕೇಳಿಸಿತು. ಮೇಲೆ ಮಳೆಯಾಗಿ ನೀರು ಏರಿದೆಯಂತೆ, ಇವತ್ತೇ ಬಿಟ್ಟಿದ್ದಾರಂತೆ, ಯಾರೂ ಕಾಲುವೆಗೆ ಇಳಿಯಬಾರದೆಂದು ಸಾರುತ್ತಿದ್ದರು. ನೀರು ಬರುವುದು ಆ ತುದಿಯಿಂದ, ಭಾವ ನಡೆಯುತ್ತಿರುವುದೂ ಆ ತುದಿಯ ಕಡೆಗೇ. ಅಕ್ಕನ ಮುಖ ಕಣ್ಣ ಮುಂದೆ ಬಂತು. ಬುಡನ್ ಸಾಬರ ಕೈಯಿಂದ ಲಾಟೀನು ಕಿತ್ತುಕೊಂಡು ಬರಿಗಾಲಲ್ಲಿ ಒಳಗೆ ಓಡಿದೆ.

'ಭಾವಾ, ಭಾವಾ' ಎಂದು ಕೂಗುತ್ತ ಹೋದೆ. ನನ್ನ ದನಿಯೇ ಗೋಡೆಗಳಿಗೆ ಬಡಿದು ತಿರುಗಿ ಬರುತ್ತಿತ್ತು. ಹಿಂದಿನ ಬೆಳಕು ಕಾಸಿನಷ್ಟಾಯಿತು. ಮುಂದೆ ಪೆಟ್ರೋಮ್ಯಾಕ್ಸಿನ ಬೆಳಕಿನ ಸುಳಿವೇ ಇಲ್ಲ. ದಮ್ಮು ಕಟ್ಟಿ ಒಂದು ಗಳಿಗೆ ನಿಂತೆ. ಆಗ ಎದುರಿನಿಂದ, ಲಾಟೀನಿನ ಬೆಳಕು ಮುಗಿಯುವಲ್ಲಿಂದಲೇ ಎನ್ನುವಷ್ಟು ಹತ್ತಿರದಿಂದ, ಭಾವನ ದನಿ ಕೇಳಿತು.

"ಮೇಷ್ಟ್ರೇ."

ಅದೇ ರಾಗ, ಅದೇ ಛೇಡಿಕೆ. ಸಂತೋಷದಿಂದ 'ಓ' ಎನ್ನಲು ಬಾಯಿ ತೆರೆದೆ. ಆದರೆ ದನಿ ಹೊರಡಲಿಲ್ಲ. ಕತ್ತಲಲ್ಲಿ ಯಾರೇ ಕರೆಯಲಿ, ಮೂರನೆಯ ಕೂಗಿಗೇ ಓಗೊಡಬೇಕು, ಮನುಷ್ಯರಲ್ಲದ್ದಕ್ಕೆ ಮೂರು ಸಲ ಕೂಗಲು ಬಾರದು, ಅದಕ್ಕೆ ಓಗೊಟ್ಟವನು ಉಳಿಯುವುದಿಲ್ಲ ಎಂದು ಅಜ್ಜಿ ಚಿಕ್ಕಂದಿನಲ್ಲಿ ನಮಗೆಲ್ಲ ಬಡಿದು ಕಲಿಸಿದ್ದಳು. ನಮ್ಮ ಸೀಮೆಯವರೆಲ್ಲ ನಂಬುವ, ನಾನು ನಗುತ್ತಿದ್ದ ಮಾತು ಅದು. ಗಂಟಲಿಗೆ ಮಾತ್ರ ಅದು ಮರೆತಿರಲಿಲ್ಲ. ಲಾಟೀನು ಎತ್ತಿ ನಾಲ್ಕು ಹೆಜ್ಜೆ ಮುಂದೆ ಇಟ್ಟೆ. ಯಾರೂ ಇಲ್ಲ. ಮತ್ತೆ ಅಷ್ಟೇ ದೂರದಿಂದ, "ಮೇಷ್ಟ್ರೇ."

ಮೂರನೆಯದಕ್ಕೆ ಕಾದೆ. ನನ್ನ ಜನ್ಮದಲ್ಲಿ ಅಷ್ಟು ಹೆದರಿದ್ದಿಲ್ಲ. ಕೂಗು ಬರಲಿಲ್ಲ, ಮುಖಕ್ಕೆ ತಣ್ಣನೆಯ ಗಾಳಿ ಬಂತು, ಹಸಿ ಮಣ್ಣಿನ ವಾಸನೆ ಬಂತು. ಆಮೇಲೆ ನಾನು ಹೇಗೆ ಓಡಿದೆನೋ ತಿಳಿಯದು. ಬುಡನ್ ಸಾಬರು ನನ್ನ ರಟ್ಟೆ ಹಿಡಿದು ಏರಿಗೆ ಎಳೆದುಕೊಂಡರು. ನೋಡನೋಡುತ್ತ ಕೆಂಪು ನೀರು ಸುರಂಗದ ಬಾಯಿಂದ ನುಗ್ಗಿತು.

ಏರಿಯ ಮೇಲೆ ಕುಸಿದು ಕುಳಿತು ಅತ್ತೆ. ಅಕ್ಕನಿಗೆ ಏನೆಂದು ಹೇಳಲಿ? ಬುಡನ್ ಸಾಬರು ದೇವರನ್ನು ನೆನೆಯುತ್ತ ನೀರನ್ನೇ ನೋಡುತ್ತಿದ್ದರು. ಕತ್ತಲು ಕವಿಯುವ ಹೊತ್ತಿಗೆ ಗುಡ್ಡದ ಮೇಲಿಂದ ಒಬ್ಬ ಮನುಷ್ಯ ಆರಿದ ಪೆಟ್ರೋಮ್ಯಾಕ್ಸ್ ಹಿಡಿದು ಇಳಿದು ಬಂದ. ಭಾವ! ನಾನು ಓಡಿಹೋಗಿ ತಬ್ಬಿಕೊಂಡರೆ ಅವರು ನನ್ನನ್ನು ತಳ್ಳಿದರು.

"ಏನಯ್ಯ ಮೇಷ್ಟ್ರೇ, ನನ್ನೆಸ್ರು ಇಡ್ದು ಕೂಗೋ ಅಷ್ಟು ದೊಡ್ಡೋನಾದ್ಯಾ?"

ಅವರು ಹೇಳಿದ್ದು ಇಷ್ಟು. ನಡುವೆ ಎಲ್ಲೋ ದೀಪದ ಮ್ಯಾಂಟಲ್ ಉದುರಿ ಕತ್ತಲಾಯಿತು. ಸುತ್ತ ತಡಕಾಡಿ ಯಾವ ಕಡೆಯಿಂದ ಬಂದೆನೆಂಬುದೇ ಮರೆಯಿತು. ಆಗ ನಾನು 'ಜವರಾ' ಎಂದು ಕೂಗಿದೆನಂತೆ. ಎರಡು ಸಲ ಅವರು ಸುಮ್ಮನಿದ್ದರು. ಮೂರನೆಯ ಸಲ ಕೂಗಿದಾಗ ಇದು ಮನುಷ್ಯನೇ ಎಂದುಕೊಂಡು, ಹೆಸರು ಹಿಡಿದದ್ದಕ್ಕೆ ನಾಲ್ಕು ಬಿಡಬೇಕೆಂಬ ಸಿಟ್ಟಿನಲ್ಲಿ, ಗೋಡೆ ಸವರುತ್ತ ದನಿ ಬಂದ ಕಡೆ ನಡೆದರು. ಬೆಳಕು ಕಂಡಿತು. ಹೊರಗೆ ಬಂದರೆ ಅದು ಆ ಕಡೆಯ ತುದಿ, ಅಲ್ಲಿ ಯಾರೂ ಇಲ್ಲ. ಅವರು ಏರಿ ಹತ್ತುತ್ತಿದ್ದಂತೆ ಕೆಳಗೆ ನೀರು ಬಂತು.

ನಾನು ಆಣೆ ಇಟ್ಟೆ, ಹೆಸರು ಹಿಡಿದು ಕೂಗಲಿಲ್ಲ, ಆ ತುದಿಗೆ ಹೋಗಿಯೇ ಇಲ್ಲ ಎಂದೆ. ಬುಡನ್ ಸಾಬರೂ ಸಾಕ್ಷಿ ಹೇಳಿದರು. ಭಾವ ನಂಬಲಿಲ್ಲ. ಒಳಗೆ ಅವರದೇ ದನಿ ನನ್ನನ್ನು ಕರೆದದ್ದರ ವಿಷಯ ಹೇಳಿದಾಗ ಮಾತ್ರ, ತಾನು ಬಾಯೇ ಬಿಟ್ಟಿಲ್ಲ ಎಂದು ಗಾಬರಿಯಾದರು. ಹುಡುಗರಿಗೆ ನಾನೇ ಪ್ರತಿಧ್ವನಿಯ ಪಾಠ ಮಾಡಿದವನು. ಯಾರೂ ಕೂಗದ ಹೆಸರನ್ನು ಯಾವ ಗೋಡೆ ಹಿಂತಿರುಗಿಸುತ್ತದೆ?

ಕೆಲವು ವರ್ಷ ಕಳೆದವು. ಸ್ವಾತಂತ್ರ್ಯ ಬಂದ ವರ್ಷ ಭಾವನಿಗೆ ಜ್ವರ ಹಿಡಿದು ಬಿಡಲೇ ಇಲ್ಲ. ಬೆಸಗರಹಳ್ಳಿಗೆ ನೋಡಲು ಹೋದೆ. ಅಕ್ಕ ಗಂಜಿ ತರಲು ಒಳಗೆ ಹೋದಾಗ ಭಾವ ನನ್ನ ಕೈ ಹಿಡಿದರು.

"ನಿಜ ಹೇಳ್ಬುಡು ಮೇಷ್ಟ್ರೇ. ಅವತ್ತು ಕೂಗಿದ್ದು ನೀನೇ ತಾನೆ?"

ಏಕೆ ಎಂದು ಕೇಳಿದೆ. ಅವರು ಹಿತ್ತಲ ಬಾಗಿಲ ಕಡೆ ನೋಡಿದರು.

"ಈಗ್ಲೂ ಸಂಜೆ ಹೊತ್ತು ಕೂಗ್ತದೆ ಕಣಯ್ಯ, ನಿನ್ ದನೀಲೇ. ಎರಡ್ ಕಿತ ಕೂಗಿ ಸುಮ್ಕಾಯ್ತದೆ. ಅವತ್ತು ನೀನೇ ಆಗಿದ್ರೆ ಯೋಳು, ಓ ಅಂತೀನಿ. ನನ್ ಜೀವ ಉಳಿಸಿದ್ ದನಿ ಅದು."

ಹೌದೆಂದರೆ ಓಗೊಡುತ್ತಾರೆ. "ನಾನಲ್ಲ ಭಾವ," ಎಂದೆ. "ನಿಮ್ಮ ಕಾಲು ಹಿಡಿಯುತ್ತೇನೆ, ಓಗೊಡಬೇಡಿ."

ಅವರು ಆಗಲಿ ಎಂದು ತಲೆಯಾಡಿಸಿದರು. ಅಂದು ರಾತ್ರಿ ಅಕ್ಕ ಅವರ ಪಕ್ಕದಲ್ಲಿ, ನಾನು ಜಗಲಿಯಲ್ಲಿ ಮಲಗಿದೆವು. ಬೆಳಗಿನ ಜಾವ ಅಕ್ಕನ ಅಳು ಕೇಳಿ ಒಳಗೆ ಓಡಿದೆ, ಎಲ್ಲ ಮುಗಿದಿತ್ತು. ಆಮೇಲೆ ಅಕ್ಕ ನನ್ನನ್ನು ಕೇಳಿದಳು. ಎಚ್ಚರವಾಗಿಯೇ ಇದ್ದಳಂತೆ, ಊರೆಲ್ಲ ನಿಶ್ಶಬ್ದವಾಗಿತ್ತಂತೆ.

"ಯಾರೂ ಕರೀಲಿಲ್ಲ ಕಣಪ್ಪ. ಅವ್ರೇ ಸುಮ್ಕೆ ನಗ್ತಾ ಓ ಅಂದ್ರು. ಯಾರ್ಗೆ ಅಂದ್ರು?"

ನನಗೆ ಗೊತ್ತಿಲ್ಲ. ಅಂದಿಗೂ ಗೊತ್ತಿರಲಿಲ್ಲ, ಇಂದಿಗೂ ಇಲ್ಲ. ನಿವೃತ್ತನಾಗುವವರೆಗೂ ಅದ್ಭುತಗಳ ಪಾಠ ಮಾಡಿದೆ, ಮೇಜು ಮಾತ್ರ ಕುಟ್ಟಲಿಲ್ಲ. ಯಾರಾದರೂ ಹೊರಗಿನಿಂದ ಕರೆದರೆ ಮೂರನೆಯ ಕೂಗಿಗೂ ನಾನು ಓ ಎನ್ನುವುದಿಲ್ಲ. ಎದ್ದು ಹೋಗಿ ಮುಖ ನೋಡುತ್ತೇನೆ.