‘ಆಯ್ತಾ’ ಎಂದು ಕೇಳಬಾರದ ಅಂಗಡಿ

ನಮ್ಮ ದೊಡ್ಡಪ್ಪ ಬೆತ್ತದ ಕುರ್ಚಿ ಹೆಣೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂಲೆಯಲ್ಲಿ ಬೆತ್ತ ನೆನೆಹಾಕುವ ಸಿಮೆಂಟು ತೊಟ್ಟಿ, ಅದರ ಪಕ್ಕ ಬೆತ್ತವನ್ನು ಕಾಯಿಸಿ ಬಗ್ಗಿಸಲು ಒಂದು ಹಳೆಯ ಸ್ಟೌವ್, ಗೋಡೆಗೆ ಒರಗಿಸಿದ ಅರ್ಧಂಬರ್ಧ ಕುರ್ಚಿಗಳು. ಅವರು ಹೆಣೆದ ಕುರ್ಚಿ ಇಪ್ಪತ್ತು ವರ್ಷವಾದರೂ ಕಿರುಗುಟ್ಟುತ್ತಿರಲಿಲ್ಲ. ಆದರೆ ಕೈ ಎಷ್ಟು ಒಳ್ಳೆಯದೋ ಬಾಯಿ ಅಷ್ಟೇ ಒರಟು.

“ಬೆಂಕಿ ತೋರಿಸಿದ್ರೆ ಬೆತ್ತ ಬಗ್ಗುತ್ತೆ, ಇವರು ಯಾವುದಕ್ಕೂ ಬಗ್ಗಲ್ಲ” ಎಂದು ದೊಡ್ಡಮ್ಮ ಗಿರಾಕಿಗಳ ಎದುರಿಗೇ ಅನ್ನುತ್ತಿದ್ದರು.

ದೊಡ್ಡಪ್ಪನಿಗೆ ಒಂದು ಪದ್ಧತಿ ಇತ್ತು. ಬಂದ ಆರ್ಡರನ್ನು ಚೀಟಿಯಲ್ಲಿ ಬರೆದು ಗೋಡೆಯ ಮೇಲಿನ ತಂತಿಗೆ ಪೋಣಿಸುವುದು, ಬಂದ ಕ್ರಮದಲ್ಲೇ ಕೆಲಸ ಮಾಡುವುದು. ನಡುವೆ ಯಾರಾದರೂ “ಆಯ್ತಾ?” ಎಂದು ಕೇಳಿದರೆ ಮುಗಿಯಿತು, ಅವರ ಚೀಟಿ ಎಲ್ಲರ ಹಿಂದಕ್ಕೆ ಹೋಗುತ್ತಿತ್ತು. ಇನ್ನೊಮ್ಮೆ ಕೇಳಿದರೆ ಮತ್ತೆ ಹಿಂದಕ್ಕೆ. ಹೀಗೊಂದು ನಿಯಮ ಇದೆ ಎಂದು ಯಾವ ಗಿರಾಕಿಗೂ ಅವರು ಹೇಳಿದವರಲ್ಲ. ವಯಸ್ಸಿನಲ್ಲಿದ್ದಾಗ ಯಾರದೋ ಒತ್ತಾಯಕ್ಕೆ ಸರಿಯಾಗಿ ಒಣಗದ ಬೆತ್ತದಲ್ಲಿ ಒಂದು ಜೋಡಿ ಕುರ್ಚಿ ಮಾಡಿಕೊಟ್ಟಿದ್ದರಂತೆ. ಒಂದೇ ತಿಂಗಳಿಗೆ ಕಾಲು ಸಡಿಲವಾಗಿ, ಕೊಂಡವನು ಅದನ್ನು ಅಂಗಡಿಯ ಮುಂದೆ ಎಸೆದು, ಬೀದಿಯವರನ್ನೆಲ್ಲ ಕರೆದು ತೋರಿಸಿದನಂತೆ. ಅಂದಿನಿಂದ “ಆತುರಗಾರನಿಗೆ ಬುದ್ಧಿ ಮಟ್ಟ” ಎನ್ನುವುದೇ ಅವರ ವ್ಯಾಪಾರದ ಸೂತ್ರವಾಯಿತು.

ನಾನು ಹಳ್ಳಿಯಿಂದ ಡಿಗ್ರಿ ಓದಲು ಬಂದು ಮೂರು ವರ್ಷ ಅವರ ಮನೆಯಲ್ಲಿದ್ದೆ. ಅನ್ನ ಹಾಕಿದ ಮನೆಗೆ ಏನಾದರೂ ಮಾಡಬೇಕಲ್ಲ ಎಂದು ಅಂಗಡಿಯ ಫೋನ್ ನೋಡಿಕೊಳ್ಳುತ್ತಿದ್ದೆ. ಯಾರು ಮಾಡಿದರು, ಏನು ಕೇಳಿದರು ಎಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟು, ಕಾಲೇಜಿನ ಹಾಜರಿ ಕೂಗಿದ ಹಾಗೆ ಸಂಜೆ ದೊಡ್ಡಪ್ಪನಿಗೆ ಓದಿ ಹೇಳುತ್ತಿದ್ದೆ. ಒಂದು ಫೋನನ್ನೂ ಬಿಟ್ಟವಳಲ್ಲ. ಆ ಶಿಸ್ತಿನ ಬಗ್ಗೆ ಹೆಮ್ಮೆಯೂ ಇತ್ತು.

ಎರಡನೆಯ ವರ್ಷದಲ್ಲಿ ಟೈಲರ್ ಬಂದರು. ಎರಡು ಬೀದಿ ಆಚೆ ಅವರ ಅಂಗಡಿ. ಕತ್ತಿನಲ್ಲಿ ಟೇಪು ಹಾಗೇ ಇತ್ತು, ಕೈಯಲ್ಲೊಂದು ಚೀಟಿ.

“ಅಣ್ಣಾ, ನಮ್ಮಮ್ಮನಿಗೆ ಒಂದು ಕುರ್ಚಿ. ಅಳತೆ ನಾನೇ ತಗೊಂಡು ಬಂದಿದ್ದೀನಿ. ನೆಲದಿಂದ ಮಂಡಿಗೆ ಇಷ್ಟು, ಮೊಣಕೈಗೆ ಇಷ್ಟು. ಕಾಜಾ ಗುಂಡಿ ಒಂದು ಬಿಟ್ಟು ಎಲ್ಲಾ ಬರೆದಿದ್ದೀನಿ ನೋಡಿ.”

ದೊಡ್ಡಪ್ಪ ಅಪರೂಪಕ್ಕೆ ನಕ್ಕರು. ಅಳತೆ ಗೊತ್ತಿರುವ ಗಿರಾಕಿ ಎಂದರೆ ಅವರಿಗೆ ಪ್ರೀತಿ.

“ಸೀಟು ಎತ್ತರ ಇರ್ಲಿ, ಕೈ ಮುಂದಕ್ಕೆ ಉದ್ದ ಬರ್ಲಿ. ಯಾರ ಕೈನೂ ಹಿಡೀದೆ ಅಮ್ಮ ತಾನೇ ಎದ್ದು ನಿಲ್ಬೇಕು, ಅಷ್ಟೇ” ಎಂದು ಟೈಲರ್ ದನಿ ತಗ್ಗಿಸಿದರು. “ಈಗ ನಾನೋ ನನ್ನ ಹೆಂಡ್ತಿನೋ ಎಳೆದು ಎತ್ಬೇಕು. ಅಮ್ಮನಿಗೆ ಅದು ನಾಚಿಕೆ. ಪದೇ ಪದೇ ಏಳ್ಬೇಕಾಗುತ್ತೆ ಅಂತ ನೀರೇ ಕುಡಿಯೋದು ಬಿಟ್ಟಿದ್ದಾರೆ.”

“ಒಂದು ತಿಂಗಳು” ಎಂದರು ದೊಡ್ಡಪ್ಪ.

ತಿಂಗಳು ಕಳೆದು ಎರಡು ದಿನಕ್ಕೆ ಟೈಲರ್ ಫೋನ್ ಮಾಡಿದರು. ನಾನು ಬರೆದುಕೊಂಡೆ, ಸಂಜೆ ಓದಿದೆ. ಆಗ ಅವರ ಚೀಟಿಗಿಂತ ಮುಂದೆ ಇದ್ದದ್ದು ಒಂದೇ ಒಂದು. ದೊಡ್ಡಪ್ಪ ಎದ್ದು ಟೈಲರ್ ಚೀಟಿಯನ್ನು ಬಿಡಿಸಿ ಎಲ್ಲದರ ಹಿಂದಕ್ಕೆ ಪೋಣಿಸಿದರು. ಹನ್ನೊಂದನೆಯದಾಯಿತು.

“ರೀ, ಅದು ವಯಸ್ಸಾದೋರ ವಿಷ್ಯ” ಎಂದರು ದೊಡ್ಡಮ್ಮ.

“ಪ್ರತಿಯೊಬ್ಬರಿಗೂ ಒಂದು ಕಾರಣ ಇದ್ದೇ ಇರುತ್ತೆ ಕಣೇ. ಒಬ್ಬರಿಗೆ ಬಿಟ್ರೆ ಎಲ್ಲರೂ ಅಮ್ಮನ್ನ ಕರ್ಕೊಂಡು ಬರ್ತಾರೆ.”

ಮೂರು ವಾರದ ಮೇಲೆ ಮತ್ತೆ ಫೋನ್ ಬಂತು. “ನೋಡಮ್ಮಾ, ಜೋರು ಮಾಡ್ತಿದ್ದೀನಿ ಅಂದ್ಕೋಬೇಡ, ಸುಮ್ನೆ ಕೇಳ್ದೆ” ಎಂದರು ಟೈಲರ್. ಇನ್ನು ಕೇಳಬೇಡಿ, ಕೇಳದೆ ಇದ್ದರೆ ಬೇಗ ಆಗುತ್ತದೆ ಎಂದು ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ದೊಡ್ಡಪ್ಪನ ಗುಟ್ಟು ಹೇಳುವ ಅಧಿಕಾರ ನನಗಿಲ್ಲ ಅನ್ನಿಸಿತು. ಸಂಜೆ ಎಂದಿನಂತೆ ಓದಿದೆ. ಚೀಟಿ ಮತ್ತೆ ಹಿಂದಕ್ಕೆ ಹೋಯಿತು.

ಮೂರನೆಯ ಸಲ ಟೈಲರೇ ಬಂದರು. ಮುಖ ಕೆಂಪಾಗಿತ್ತು.

“ಅಣ್ಣಾ, ನನಗಿಂತ ಆಮೇಲೆ ಹೇಳ್ದೋರ ಕುರ್ಚಿ ನನ್ನ ಅಂಗಡಿ ಮುಂದೆನೇ ಹೋಯ್ತು. ನಾನೇನು ಪಾಪ ಮಾಡಿದ್ದೆ?”

“ನಿಮ್ಮ ಅವಸರಕ್ಕೆ ನನ್ನ ಬೆತ್ತ ಒಣಗಲ್ಲ ಟೈಲರೇ. ಬೇಕಾದ್ರೆ ಕಾಯಿರಿ, ಬೇಡ್ವಾದ್ರೆ ಪ್ಲಾಸ್ಟಿಕ್ ಕುರ್ಚಿ ಸಿಗುತ್ತೆ, ತಗೊಂಡೋಗಿ.”

“ಪ್ಲಾಸ್ಟಿಕ್ಕಲ್ಲೇ ಕೂರಿಸ್ತಿದ್ದೀನಿ. ಏಳುವಾಗ ಅದು ಹಿಂದಕ್ಕೆ ಜಾರುತ್ತೆ, ಅದಕ್ಕೇ ಭಯ.”

ದೊಡ್ಡಪ್ಪ ತಲೆ ಎತ್ತಲಿಲ್ಲ. ಬೆತ್ತ ಸೀಳುತ್ತಲೇ ಇದ್ದರು. ಟೈಲರ್ ಹೊರಟುಹೋದರು.

ಆಮೇಲೆ ಅವರಿಂದ ಫೋನ್ ಬರಲಿಲ್ಲ. ಒಂದು ತಿಂಗಳು, ಒಂದೂವರೆ ತಿಂಗಳು. ಚೀಟಿ ತಾನಾಗಿಯೇ ಮುಂದೆ ಬಂತು. “ನೋಡು, ಕೊನೆಗೂ ತಾಳ್ಮೆ ಕಲಿತಿದ್ದಾರೆ” ಎಂದು ದೊಡ್ಡಪ್ಪ ಖುಷಿಯಾಗಿ ಕೆಲಸಕ್ಕೆ ಕೂತರು. ಅಷ್ಟು ಮುತುವರ್ಜಿಯಿಂದ ಅವರು ಇನ್ನೊಂದು ಕುರ್ಚಿ ಮಾಡಿದ್ದನ್ನು ನಾನು ನೋಡಿಲ್ಲ. ಹಿಡಿತ ಸಿಗಲೆಂದು ಕೈಗಳ ತುದಿಗೆ ಎರಡು ಸುತ್ತು ಹೆಚ್ಚು ಹೆಣೆದರು. ನನ್ನನ್ನು ಕೂರಿಸಿ ಏಳಿಸಿ, ಕಾಲನ್ನು ಎರಡು ಸಲ ಸರಿಪಡಿಸಿದರು. ಎತ್ತರ ಸರಿ ಇದೆಯೇ ಎಂದು ಕಣ್ಣಾರೆ ನೋಡಬೇಕೆಂದು ಗೂಡ್ಸ್ ಆಟೋದಲ್ಲಿ ತಾವೇ ಹೊರಟರು, ನನ್ನನ್ನೂ ಕರೆದುಕೊಂಡರು.

ಬಾಗಿಲು ತೆರೆದ ಟೈಲರ್ ಕುರ್ಚಿಯನ್ನು ಒಮ್ಮೆ ನೋಡಿದರು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಳಗೆ ಕಿಟಕಿಯ ಕೆಳಗೆ ಮಂಚ, ಮಂಚದ ಮೇಲೆ ಅವರ ತಾಯಿ ಮಲಗಿದ್ದರು. ಬಿದ್ದು ಸೊಂಟದ ಮೂಳೆ ಮುರಿದು ನಲವತ್ತು ದಿನವಾಗಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ತಾನೇ ಏಳಲು ಹೋಗಿದ್ದರಂತೆ, ಕುರ್ಚಿ ಹಿಂದಕ್ಕೆ ಜಾರಿತ್ತು. ಇನ್ನು ಕೂರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

“ಒಂದು ಮಾತು ಹೇಳ್ಬಾರ್ದಿತ್ತಾ ಟೈಲರೇ?” ಎಂದರು ದೊಡ್ಡಪ್ಪ. ದನಿ ಅವರದ್ದೇ ಅಲ್ಲವೇನೋ ಎನ್ನುವ ಹಾಗಿತ್ತು.

“ಇನ್ನೂ ಎಷ್ಟು ಸಲ ಹೇಳ್ಬೇಕಿತ್ತು ಅಣ್ಣಾ?”

ದೊಡ್ಡಪ್ಪ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಅಜ್ಜಿ ಕೈ ಚಾಚಿ ಕುರ್ಚಿಯ ಕೈಯನ್ನು ಸವರಿದರು. “ನುಣುಪಾಗಿದೆ. ಇಲ್ಲೇ ಹತ್ರ ಇಡಪ್ಪಾ. ನನ್ನ ನೋಡೋಕೆ ಬಂದೋರು ನಿಂತೇ ಇರ್ತಾರೆ, ಇನ್ಮೇಲೆ ಕೂತ್ಕೊಳ್ಲಿ. ಮೊದಲು ನೀನೇ ಕೂತ್ಕೋ.”

ಕೂರದೆ ವಿಧಿಯಿರಲಿಲ್ಲ. ದೊಡ್ಡಪ್ಪ ತುದಿಯಲ್ಲಿ ಕೂತರು. ಅಷ್ಟರಲ್ಲಿ ಸೊಸೆ ನೀರು ತಂದರು. ಟೈಲರ್ ಒಂದು ಕಡೆ, ಸೊಸೆ ಒಂದು ಕಡೆ ಕಂಕುಳಿಗೆ ಕೈ ಹಾಕಿ ಎತ್ತುವಾಗ ಅಜ್ಜಿ ಮೆಲ್ಲಗೆ, “ಒಂಚೂರು ಆ ಕಡೆ ತಿರುಗು ಮಗಾ” ಎಂದರು. ದೊಡ್ಡಪ್ಪ ಗೋಡೆಯ ಕಡೆ ತಿರುಗಿದರು. ನೀರು ಕುಡಿದಾದ ಮೇಲೂ, ಅಜ್ಜಿ ಮಲಗಿದ ಮೇಲೂ ಅವರು ಮುಖವನ್ನು ಈ ಕಡೆ ತಿರುಗಿಸಲಿಲ್ಲ. ನಾನೇ ಹೋಗಿ ಭುಜ ಮುಟ್ಟಿದೆ.

ಬರುವಾಗ ಆಟೋ ಬೇಡ ಎಂದು ನಡೆದೇ ಹೊರಟರು. ದಾರಿಯ ಅರ್ಧದಲ್ಲಿ ನಿಂತರು.

“ಒಂಬತ್ತು ದಿನದ ಕೆಲಸ ಕಣಮ್ಮಾ ಅದು. ಬರೀ ಒಂಬತ್ತು ದಿನ.”

ನಾನು ಅವರಿಗಿಂತ ಒಂದು ಹೆಜ್ಜೆ ಹಿಂದೆ ನಡೆಯುತ್ತಾ ಮನೆ ಸೇರಿದೆ.