ಮೂವರಲ್ಲಿ ಯಾರಿಗೆ ಚಪ್ಪಾಳೆ?

ಚಪ್ಪಾಳೆ ತಟ್ಟಿಯೂ ಒಬ್ಬ ಮನುಷ್ಯನಿಗೆ ಅವಮಾನ ಮಾಡಬಹುದು. ನಂಬುವುದಿಲ್ಲವೇ? ಕಳೆದ ಭಾನುವಾರ ಸಂಜೆ ಲಿಂಗಂಪಲ್ಲಿಯ ಆ ಫಂಕ್ಷನ್ ಹಾಲ್‌ಗೆ ನೀವು ಬರಬೇಕಿತ್ತು.

ನಮ್ಮ ಕನ್ನಡದವರ ವಾರ್ಷಿಕ ಕಾರ್ಯಕ್ರಮ. (ಹೈದರಾಬಾದಿನಲ್ಲಿ ನಾವು ವರ್ಷವಿಡೀ ತೆಲುಗು, ಹಿಂದಿಯಲ್ಲಿ ಬದುಕಿ ಒಂದು ಸಂಜೆ ಮಾತ್ರ ಜೋರಾಗಿ ಕನ್ನಡಿಗರಾಗುತ್ತೇವೆ.) ಈ ಸಲದ ಸ್ಪೆಷಲ್ ‘ಕಣಕಿ’ ಬ್ಯಾಂಡ್. ಒಡೆದುಹೋಗಿದ್ದ ಬ್ಯಾಂಡಿನ ಮೂವರನ್ನೂ ಮತ್ತೆ ಒಂದೇ ವೇದಿಕೆಗೆ ತರುತ್ತೇವೆ ಎಂದು ವಾಟ್ಸ್ಯಾಪ್‌ನಲ್ಲಿ ಪೋಸ್ಟರ್ ಬಂತು. ನೋಡಿದ್ದೇ ತಡ, ಮಲ್ಕಾಜ್‌ಗಿರಿಯಿಂದ ರೈಲಿನಲ್ಲಿ ನಿಂತುಕೊಂಡೇ ಬಂದೆ.

ಕಣಕಿ ಎಂದರೆ ಜೋಳದ ತೆನೆ ಮುರಿದುಕೊಂಡ ಮೇಲೆ ಉಳಿಯುವ ಒಣ ದಂಟು. ಈ ಹೆಸರಿಟ್ಟವರ ನಾಲಿಗೆ ಮೇಲೆ ಮಚ್ಚೆ ಇದ್ದಿರಬೇಕು.

ಬ್ಯಾಂಡ್ ಹುಟ್ಟಿದ್ದು ನಮ್ಮ ಮಲ್ಕಾಜ್‌ಗಿರಿಯಲ್ಲೇ, ಪ್ರಸನ್ನನ ಮನೆಯ ತಾರಸಿಯ ಮೇಲೆ. ಪ್ರಸನ್ನ ರೈಲ್ವೆ ನೌಕರ, ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರು. ಹಾಡುವವಳು ಶಾಂತವ್ವ. ಕಟ್ಟಡದ ಕೆಲಸಕ್ಕೆಂದು ಗಂಡನ ಜೊತೆ ಯಾದಗಿರಿ ಕಡೆಯಿಂದ ಬಂದು, ಈಗ ಲಿಂಗಂಪಲ್ಲಿಯಲ್ಲಿ ರೊಟ್ಟಿ ಅಂಗಡಿ ಇಟ್ಟವಳು. ಬೀಸುವ ಪದ, ಸೋಬಾನೆ ಪದ, ಮೊಹರಂ ಪದ, ಅಜ್ಜಿಯಿಂದ ಬಂದದ್ದೆಲ್ಲ ಅವಳ ಬಾಯಲ್ಲಿತ್ತು. ಢೋಲಕ್ ಖಾಜಾನದು. ಬೇಗಂ ಬಜಾರಿನ ಹೋಲ್‌ಸೇಲ್ ಅಂಗಡಿಯಲ್ಲಿ ಮೂಟೆ ಹೊರುವ ಬೀದರದ ಮನುಷ್ಯ.

ನಾನು ಪಕ್ಕದ ಬೀದಿಯವಳು. ಭಾನುವಾರ ಬೆಳಿಗ್ಗೆ ಅವರ ಪ್ರಾಕ್ಟೀಸ್ ಕೇಳಲೆಂದೇ ಬಟ್ಟೆ ಒಣಹಾಕುವ ಕೆಲಸವನ್ನು ಎಳೆದೆಳೆದು ಮಾಡುತ್ತಿದ್ದೆ. ಗಿಟಾರು ಗುಡುಗುತ್ತಿತ್ತು. ಅದರ ನೆತ್ತಿಯ ಮೇಲೆ ಶಾಂತವ್ವನ ದನಿ ಕುಳಿತುಕೊಳ್ಳುತ್ತಿತ್ತು. ಅವಳು ಎತ್ತರಕ್ಕೆ ಹೋಗಿ ಉಸಿರಿಗೆ ನಿಂತರೆ ಖಾಜಾ ಇನ್ನೊಂದು ಸುತ್ತು ಬಾರಿಸಿ ಕಾಯುತ್ತಿದ್ದ. ಆಕೆಯನ್ನು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿಯೇ ಇರುತ್ತಿದ್ದ. ಆದರೂ ಅವಳು ಬಾಯಿ ತೆರೆಯುವುದೂ ಅವನ ಏಟು ಬೀಳುವುದೂ ಒಂದೇ ಕ್ಷಣಕ್ಕೆ.

ಆಮೇಲೆ ಒಂದು ಟಿವಿಯವರು ಬಂದರು. ಹಾಡಿನ ಸ್ಪರ್ಧೆಯಂತೆ. “ವಾದ್ಯದವರು ನಮ್ಮಲ್ಲೇ ಇದ್ದಾರೆ, ಹಾಡುವವರು ಮಾತ್ರ ಬರಲಿ” ಅಂದರು. ಶಾಂತವ್ವ ಹೋದಳು. ಯಾಕೆ ಹೋಗಬಾರದು? ದಿನವಿಡೀ ಒಲೆಯ ಮುಂದೆ ಕೂತವಳಿಗೆ ಬೆಳಕಿನ ಮುಂದೆ ನಿಲ್ಲುವ ಆಸೆ ಇರಬಾರದೇ? ಒಂದೆರಡು ವಾರ ಮಿಂಚಿದಳು. ಮೂರನೆಯ ವಾರ ಮನೆಗೆ ಕಳಿಸಿದರು.

ಅಷ್ಟರಲ್ಲಿ ಪ್ರಸನ್ನ ಸಿಟ್ಟಾಗಿದ್ದ. “ಪದ ಅಕಿ ಅಜ್ಜೀವು ಇರಬೋದ್ರಿ, ಸೌಂಡ್ ನಂದು” ಎಂದು ನನ್ನೆದುರೇ ಹೇಳಿದ್ದ. ತಾನೇ ಹಾಡಿ ವಿಡಿಯೋ ಹಾಕತೊಡಗಿದ. (ಅವನ ದನಿಯ ಬಗ್ಗೆ ಏನೂ ಬರೆಯುವುದಿಲ್ಲ. ಪಕ್ಕದ ಬೀದಿಯಲ್ಲೇ ಬಾಳಬೇಕು.)

ಮತ್ತೆ ಖಾಜಾ? ಢೋಲಕ್‌ನವನನ್ನು ಯಾರು ಸೋಲೋ ಕರೆಯುತ್ತಾರೆ? ಬ್ಯಾಂಡ್ ಮುಗಿದಿದೆ ಎಂದು ಅವನಿಗೆ ಹೇಳುವ ಸೌಜನ್ಯವೂ ಯಾರಿಗೂ ಇರಲಿಲ್ಲ. ಆಮೇಲೂ ಕೆಲವು ಭಾನುವಾರ ಬೇಗಂ ಬಜಾರಿನಿಂದ ಬಂದು, ತಾರಸಿಯ ಬೀಗ ನೋಡಿ, ಢೋಲಕ್ ಹೆಗಲಿಗೇರಿಸಿಕೊಂಡು ವಾಪಸ್ ಹೋಗುತ್ತಿದ್ದ.

ಮತ್ತೆ ಭಾನುವಾರದ ಸಂಜೆಗೆ ಬರೋಣ. ವೇದಿಕೆಯ ಹಿಂದಿನ ಕೋಣೆಗೆ ಹೋದೆ. ಶಾಂತವ್ವ ಒಂದು ಮೂಲೆ, ಪ್ರಸನ್ನ ಇನ್ನೊಂದು ಮೂಲೆ. ನಡುವೆ ಖಾಜಾ, ಬಿಳಿ ಅಂಗಿಯಲ್ಲಿ ಮದುಮಗನ ಹಾಗೆ.

“ಮಗಳು ಇಸ್ತ್ರಿ ಮಾಡಿ ಕೊಟ್ಟಾಳ್ರಿ ಮೇಡಂ. ‘ಅಬ್ಬಾಜಾನ್, ಇವತ್ತ ಭಾಳ ಛಂದ ಬಾರ್ಸು’ ಅಂದಾಳ” ಎಂದು ನಕ್ಕ.

ಹಾಗೆನ್ನುತ್ತ ಢೋಲಕ್ ಮೇಲೆ ಸುಮ್ಮನೆ ಬೆರಳಾಡಿಸಿದ. ಮೂಲೆಯಿಂದ ಶಾಂತವ್ವ ಗುನುಗಿದಳು. ಪ್ರಸನ್ನ ತಲೆ ಎತ್ತಲಿಲ್ಲ, ಆದರೆ ತಂತಿ ಸರಿಮಾಡಿಕೊಂಡು ಮೆಲ್ಲಗೆ ಮೀಟಿದ. ಅಷ್ಟೇ ಸಾಕಾಯಿತು. ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕಣಕಿ ಬ್ಯಾಂಡ್ ಬದುಕಿತ್ತು.

ಆಗ ಬಾಗಿಲು ದೂಡಿಕೊಂಡು ಗಿರೀಶ ಬಂದ. ನಮ್ಮ ಸಂಘದ ಕಾರ್ಯದರ್ಶಿ, ನಿರೂಪಕನೂ ಅವನೇ. “ಒಂದು ಕಾನ್ಸೆಪ್ಟ್ ಮಾಡಿದೀನಿ. ಮೊದಲು ಒಬ್ಬೊಬ್ಬರಾಗಿ ಬನ್ನಿ. ಆಮೇಲೆ ಮೂರೂ ಜನ. ಸೋಲೋ ಚೆನ್ನಾಗಿತ್ತಾ, ಗ್ರೂಪ್ ಚೆನ್ನಾಗಿತ್ತಾ ಅಂತ ಜನ ಚಪ್ಪಾಳೆ ತಟ್ಟಿ ಹೇಳಲಿ. ಮಜಾ ಇರುತ್ತೆ!”

“ನನ್ನೊಬ್ಬಂದು ಏನೈತ್ರಿ ಸರ್? ನಾ ಢೋಲಕ್‌ನಾಂವ” ಅಂದ ಖಾಜಾ.

“ಅದೇ ತಾನೇ ಸರ್‌ಪ್ರೈಸು!”

ಪ್ರಸನ್ನ ಮೊದಲು ಹೋದ. ಅವನ ಆಫೀಸಿನವರು ಸೀಟಿ ಹೊಡೆದರು, ಮರ್ಯಾದೆ ಉಳಿಯಿತು. ಆಮೇಲೆ ಖಾಜಾ. ಒಬ್ಬನೇ, ಅಷ್ಟಗಲ ವೇದಿಕೆಯ ನಡುವೆ. ಕಣ್ಣು ಮುಚ್ಚಿ ಶುರು ಮಾಡಿದ. ಚೆನ್ನಾಗಿಯೇ ಬಾರಿಸುತ್ತಿದ್ದ. ಆದರೆ ಏಟಿನ ನಡುವೆ ಅಭ್ಯಾಸಬಲದಿಂದ ಜಾಗ ಬಿಡುತ್ತಿದ್ದ, ಹಾಡಿಗೆಂದು. ಬರಬೇಕಾದ ಹಾಡು ಬರುತ್ತಿರಲಿಲ್ಲ.

ಅಂಥದೊಂದು ಜಾಗದಲ್ಲಿ ಹಿಂದಿನಿಂದ ಯಾರೋ ಕೂಗಿದರು: “ಸೌಂಡ್ ಚೆಕ್ ಆಯ್ತೇನ್ರಿ? ಇನ್ನ ಪ್ರೋಗ್ರಾಂ ಶುರು ಮಾಡ್ರಿ!”

ಹಾಲ್ ತುಂಬ ನಗು. ಆಮೇಲೆ ಚಪ್ಪಾಳೆ, ಸಾಕು ಇಳಿ ಎನ್ನುವ ಚಪ್ಪಾಳೆ. ಖಾಜಾ ಕಣ್ಣು ತೆರೆದು, ತಪ್ಪು ಮನೆಗೆ ಬಂದವನ ಹಾಗೆ ಸುತ್ತ ನೋಡಿ, ಎದ್ದು ಇಳಿದ. (ನಾನು ಚಪ್ಪಾಳೆ ತಟ್ಟಲಿಲ್ಲ. ದೊಡ್ಡಸ್ತಿಕೆಯೇನಲ್ಲ, ಕೈಯಲ್ಲಿ ಚಹಾ ಇತ್ತು.)

ಕೊನೆಗೆ ಶಾಂತವ್ವ. ಅವಳಿಗೆ ಮೊದಲೇ ರೆಕಾರ್ಡ್ ಮಾಡಿದ ವಾದ್ಯದ ಟ್ರ್ಯಾಕ್ ಹಾಕಿದರು. ಸ್ಪೀಕರಿನಿಂದ ಗಿಟಾರು, ಢೋಲಕ್ ಎಲ್ಲ ಹೊಮ್ಮಿತು. ಹಾಡಿದಳು. ಅವಳ ದನಿಗೆ ಈಗಲೂ ಏನೂ ಆಗಿಲ್ಲ. ಆದರೆ ಒಂದು ಕಡೆ ಎತ್ತರಕ್ಕೇರಿ ಉಸಿರಿಗೆ ನಿಂತಾಗ ಟ್ರ್ಯಾಕ್ ಮುಂದೆ ಹೋಯಿತು. ಅರ್ಧ ಸಾಲು ನುಂಗಿ, ಓಡಿ ಹಿಡಿದಳು. ಯಾರಿಗೆ ತಿಳಿಯಿತು? ಹಾಲ್ ಹಾರಿಹೋಗುವಂಥ ಚಪ್ಪಾಳೆ.

“ಸೋಲೋ ಗೆದ್ದಿತು!” ಗಿರೀಶ ಮೈಕಿನಲ್ಲಿ ಅರಚಿದ.

ಮೂವರೂ ಕೂಡಿ ಹಾಡುವುದು ಬಾಕಿ ಇತ್ತಲ್ಲ? ಆದರೆ ಶಾಂತವ್ವನ ಹಾಡಿನ ನಡುವೆಯೇ ಊಟದ ಬಾಗಿಲು ತೆರೆದಿತ್ತು. ಬಿರಿಯಾನಿಯ ವಾಸನೆ ಬಂದ ಮೇಲೆ ಕುರ್ಚಿಯಲ್ಲಿ ಯಾರು ಕೂರುತ್ತಾರೆ? “ಟೈಮ್ ಆಗೋಯ್ತು, ಮುಂದಿನ ವರ್ಷ ನೋಡೋಣ” ಎಂದು ಗಿರೀಶ ಮೈಕ್ ಆಫ್ ಮಾಡಿದ. ಪ್ರಸನ್ನ ಗಿಟಾರನ್ನು ಬ್ಯಾಗಿಗೆ ತುರುಕಿ, ಯಾರಿಗೂ ಹೇಳದೆ ಹೊರಟೇಬಿಟ್ಟ.

ಶಾಂತವ್ವ ವೇದಿಕೆಯಿಂದ ಇಳಿದು ಸೀದಾ ಖಾಜಾನ ಹತ್ತಿರ ಬಂದಳು.

“ಬಾರೋ ಖಾಜಾ, ಇಲ್ಲೇ ಕುಂತು ಒಂದು ಪದ ಹಾಡೂಣು. ಕೇಳಾವ್ರು ಯಾರೂ ಬ್ಯಾಡ.”

ಖಾಜಾ ಢೋಲಕ್‌ಗೆ ಬಟ್ಟೆ ಸುತ್ತುತ್ತಿದ್ದ. “ಯಾಕಕ್ಕಾ? ನಿನಗ ಟ್ರ್ಯಾಕ್ ಐತೆಲ್ಲ.”

“ಅದರಾಗ ಬಾರ್ಸಿದಾಂವ ನೀನಽ ಅಲ್ಲೇನೋ! ತಾರಸಿ ಮ್ಯಾಲ ರೆಕಾರ್ಡ್ ಮಾಡಿದ್ದು ಮರತಿ?”

“ಮರತಿಲ್ಲ. ಕುಂತು ಕೇಳೀನಿ ಈಗ.” ಗಂಟು ಬಿಗಿದ. “ಎದುರಿಗೆ ಕುಂತು ಬಾರ್ಸಿದ ಖಾಜಾಗ ನಕ್ಕರು. ಸ್ಪೀಕರ್‌ದಾಗಿನ ಖಾಜಾಗ ಚಪ್ಪಾಳಿ ಹೊಡದರು. ಅಂವನ್ನಽ ಇಟ್ಕೋ ಅಕ್ಕಾ. ಅಂವಗ ಹಸಿವಾಗಂಗಿಲ್ಲ, ನಾಚಿಕೀನೂ ಆಗಂಗಿಲ್ಲ.”

ಊಟಕ್ಕೂ ನಿಲ್ಲಲಿಲ್ಲ. ಸ್ಟೇಷನ್ನಿನ ಕಡೆ ನಡೆದುಬಿಟ್ಟ.

ಶಾಂತವ್ವ ಖಾಲಿ ಕುರ್ಚಿಯೊಂದರಲ್ಲಿ ಕುಸಿದಳು. ಕುತ್ತಿಗೆಯಲ್ಲಿ ಸಂಘದವರು ಹಾಕಿದ ಹೂವಿನ ಹಾರ ಹಾಗೇ ಇತ್ತು. “ಹೆಸರು ಬಂತ್ರಿ ಮೇಡಂ. ಮದಿವಿಗೆ ಕರೀತಾರ, ಫಂಕ್ಷನ್ನಿಗೆ ಕರೀತಾರ. ಆದ್ರ ಆ ಮಷಿನ್ ನನ್ನ ಸಲುವಾಗಿ ನಿಂದರಂಗಿಲ್ರಿ. ಉಸರು ತಗೊಳಾಕ ಬಿಡಂಗಿಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಖಾಜಾ ಇನ್ನ ಬರಂಗಿಲ್ಲ ನೋಡ್ರಿ. ನನಗ ಗೊತ್ತೈತಿ.”

ಅವಳ ಮಾತು ನಿಜವಾಯಿತು. ಮಾರನೆಯ ದಿನ ನಾನೇ ಫೋನ್ ಮಾಡಿದೆ. ಢೋಲಕ್ಕನ್ನು ದರ್ಗಾದಲ್ಲಿ ಕವ್ವಾಲಿ ಹಾಡುವವರಿಗೆ ಕೊಟ್ಟುಬಿಟ್ಟಿದ್ದನಂತೆ. “ಇರಲಿ ಬಿಡ್ರಿ ಮೇಡಂ, ಮನಿ ಸಣ್ಣದೈತಿ, ಜಾಗ ಆಯ್ತು” ಅಂದ. ಅವನ ಹಿಂದೆ ಯಾರೋ ತೆಲುಗಿನಲ್ಲಿ ಮೂಟೆ ಎತ್ತಲು ಕೂಗುತ್ತಿದ್ದರು. ಫೋನ್ ಕಟ್ಟಾಯಿತು.

ಕೂಡಿದ್ದರೆ ಚೆಂದವೋ, ಒಂಟಿಯಾದರೆ ಚೆಂದವೋ? ಈ ಪ್ರಶ್ನೆಯನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದವರು ಟಿವಿಯವರು, ಗಿರೀಶ, ನಾವು. ನಮ್ಮ ಆಫೀಸಿನಲ್ಲೂ ಇದೇ. ಟೀಮ್, ಟೀಮ್ ಎಂದು ಬಾಯಿ ತುಂಬ ಹೇಳಿ, ಅಪ್ರೈಸಲ್‌ಗೆ ಮಾತ್ರ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ. ಜೋಡಿಸಿದ್ದನ್ನು ಬಿಡಿಸಿ ತೂಗದಿದ್ದರೆ ನಮಗೆ ನಿದ್ದೆ ಬರುವುದಿಲ್ಲ.

ನಿನ್ನೆ ತರಕಾರಿ ಅಂಗಡಿಯಲ್ಲಿ ನಮ್ಮ ಮೇಲಿನ ಮನೆಯಾಕೆ ಸಿಕ್ಕರು. ಕಲಬುರ್ಗಿಯವರು, ಅವರೂ ಭಾನುವಾರ ಬಂದಿದ್ದರು.

“ಏನಽ ಅನ್ರಿ, ಸೋಲೋ ಗೀಲೋ ಎಲ್ಲಾ ಸುಳ್ಳು. ಕಡೀಕ ಮೂರೂ ಮಂದಿ ಕೂಡಿ ಹಾಡಿದ್ರಲ್ಲ, ಅದಽ ಭಾಳ ಛಲೋ ಇತ್ತು. ಢೋಲಕ್ ಏನು, ಗಿಟಾರ್ ಏನು! ನಾ ಊಟದ ಲೈನಿನ್ಯಾಗ ನಿಂತು ಕೇಳಿದ್ನಿ.”

ಅವರು ಕೇಳಿದ್ದು ಶಾಂತವ್ವನನ್ನೂ ಟ್ರ್ಯಾಕನ್ನೂ ಎಂದು ನಾನು ತಿದ್ದಲಿಲ್ಲ. ಒಂದನ್ನು ಮಾತ್ರ ಕೇಳಬೇಕೆನಿಸಿತು: ಇಷ್ಟು ಒಳ್ಳೆಯ ಕಿವಿ ಇರುವವರೆಲ್ಲ ಯಾವಾಗಲೂ ಊಟದ ಸಾಲಿನಲ್ಲೇ ಯಾಕೆ ನಿಂತಿರುತ್ತೀರಿ?